ಬಹುವಚನದ ಅಪ್ಪ

ಈ ಸಲದ ಹೊಸತೊಡಕಿನ ದಿನ ಮಧ್ಯಾಹ್ನದ ಊಟ ಮುಗಿಸಿ ಊರಿನ ಮನೆಯ ಜಗಲಿಯಲ್ಲಿ ಒರಗಿಕೊಂಡಿದ್ದಾಗ ನನ್ನ ಅಕ್ಕನ ಮಗ ಬಂದು ಪಕ್ಕದಲ್ಲಿ ಕುಳಿತ. ಹಾಸನದಲ್ಲಿ ಬಿ.ಕಾಂ. ಎರಡನೆಯ ವರ್ಷದಲ್ಲಿರುವ ಹುಡುಗ, ವಯಸ್ಸು ಹತ್ತೊಂಬತ್ತು. ಸ್ವಲ್ಪ ಹೊತ್ತು ಮೊಬೈಲನ್ನು ಕೈಯಲ್ಲಿ ತಿರುಗಿಸುತ್ತಿದ್ದು, ಆಮೇಲೆ ನಡುಮನೆಯಲ್ಲಿ ಮಲಗಿದ್ದ ನನ್ನ ಅಪ್ಪನಿಗೆ ಕೇಳಿಸದಂತೆ ದನಿ ತಗ್ಗಿಸಿ, “ಮಾವ, ಮಿಲ್ಟ್ರಿಗೆ ಅರ್ಜಿ ಹಾಕ್ಲಾ? ನೀನೇನಂತೀಯ?” ಎಂದು ಕೇಳಿದ. ನಾನು “ನೋಡೋಣ ಇರು” ಎಂದೆ. ನಮ್ಮ ಕಡೆ ‘ನೋಡೋಣ’ ಎಂದರೆ ಸದ್ಯಕ್ಕೆ ಕೇಳಬೇಡ ಎಂದರ್ಥ, ಅದು ಅವನಿಗೂ ಗೊತ್ತು. ಅವನು ಎದ್ದು ಹೋದ. ಆ ಪ್ರಶ್ನೆ ಮಾತ್ರ ಅಲ್ಲಿಂದ ಎದ್ದು ಹೋಗಲಿಲ್ಲ.

ಇದರಲ್ಲಿ ನನಗೆ ಮುಜುಗರವಾಗುವ ಸಂಗತಿಯೊಂದಿದೆ. ನಾನು ಪಿಯು ಕಾಲೇಜಿನ ಮೇಷ್ಟರು. ಪ್ರತಿ ವರ್ಷ ಜನವರಿಯ ಹೊತ್ತಿಗೆ ದ್ವಿತೀಯ ಪಿಯುಸಿ ಮಕ್ಕಳಿಗೆ ಮುಂದಿನ ದಾರಿಗಳ ಬಗ್ಗೆ ಒಂದು ಗಂಟೆ ಮಾತಾಡುವ ಕೆಲಸ ನನ್ನ ಪಾಲಿಗೇ ಬರುತ್ತದೆ, ಸೈನ್ಯದ ಮಾತು ಬಂದಾಗಲಂತೂ ಪ್ರಾಂಶುಪಾಲರು “ಇವರು ಮಿಲಿಟರಿ ಮನೆಯಿಂದ ಬಂದವರು, ಇವರೇ ಹೇಳಲಿ” ಎಂದು ಬಿಡುತ್ತಾರೆ. ನಾನು ಹೇಳುತ್ತೇನೆ ಕೂಡ: ಹದಿನೇಳೂವರೆ ತುಂಬಿದ ವಯಸ್ಸು, ಮೊದಲು ಕಂಪ್ಯೂಟರಿನ ಮುಂದೆ ಕೂತು ಬರೆಯುವ ಪರೀಕ್ಷೆ, ಆಮೇಲೆ ಓಟ, ಬೀಮ್ ಹಿಡಿದು ಮೈ ಮೇಲೆತ್ತುವುದು, ಒಂಬತ್ತು ಅಡಿಯ ಹಳ್ಳ ಹಾರುವುದು, ವೈದ್ಯಕೀಯ ತಪಾಸಣೆ. ಊಟ, ಬಟ್ಟೆ, ಶಿಸ್ತು, ದೇಶ ನೋಡುವ ಅವಕಾಶ. ಕೊನೆಯಲ್ಲಿ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಊರವರ ಮಕ್ಕಳಿಗೆ ಹೀಗೆ ಸರಾಗವಾಗಿ ಹೇಳಿದವನಿಗೆ ಅಕ್ಕನ ಮಗನ ಮುಂದೆ ನಾಲಿಗೆ ಏಕೆ ಹೊರಳಲಿಲ್ಲ ಎಂಬುದನ್ನು ನನಗೆ ನಾನೇ ಬಿಡಿಸಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ನೀನು, ನೀವು

ನಮ್ಮದು ಬೇಲೂರಿನಿಂದ ಅರೇಹಳ್ಳಿ ಕಡೆಗೆ ಹೋಗುವ ದಾರಿಯ ಒಂದು ಸಣ್ಣ ಊರು. ಒಂದೂವರೆ ಎಕರೆ ಕಾಫಿ, ಒಂದು ಎಕರೆ ಗದ್ದೆ. ನಮ್ಮೂರಿನಲ್ಲಿ ಮಕ್ಕಳು ಅಪ್ಪನನ್ನು ಏಕವಚನದಲ್ಲೇ ಕರೆಯುತ್ತಾರೆ. “ಅಪ್ಪ, ನೀನು ಬತ್ತೀಯಾ?” ಎನ್ನುವುದೇ ಇಲ್ಲಿನ ರೂಢಿ, ಅದರಲ್ಲಿ ಅಗೌರವವೇನೂ ಇಲ್ಲ. ನಾನು ಮತ್ತು ಅಕ್ಕ ಮಾತ್ರ ಅಪ್ಪನಿಗೆ “ನೀವು” ಎನ್ನುತ್ತಾ ಬೆಳೆದೆವು. ಓರಗೆಯ ಹುಡುಗರು ಇದನ್ನು ಆಡಿಕೊಳ್ಳುತ್ತಿದ್ದರು, ದೊಡ್ಡವರು ಮಿಲ್ಟ್ರಿಯವರ ಮಕ್ಕಳು ಎಷ್ಟು ಶಿಸ್ತು ಎಂದು ಮೆಚ್ಚುತ್ತಿದ್ದರು. ಶಿಸ್ತನ್ನು ಯಾರೂ ನಮಗೆ ಕಲಿಸಿರಲಿಲ್ಲ. ವರ್ಷಕ್ಕೊಮ್ಮೆ ಕಬ್ಬಿಣದ ಟ್ರಂಕು ಹೊತ್ತು ಬರುವ, ಬೇರೆಯದೇ ವಾಸನೆಯ ಸೋಪು ಬಳಸುವ, ಬೆಳಿಗ್ಗೆ ನಾಲ್ಕೂವರೆಗೆ ಎದ್ದು ನಮ್ಮ ಸೌದೆಯನ್ನು ದಪ್ಪ ಸಣ್ಣ ಎಂದು ಬೇರೆ ಮಾಡಿ ಸಾಲಾಗಿ ಜೋಡಿಸುವ ಒಬ್ಬ ಮನುಷ್ಯನಿಗೆ ಬಾಯಿಗೆ ತಾನಾಗಿ ಬಂದ ಮಾತು ಅದು. ನೆಂಟರಿಗೆ ನಾವು ನೀವು ಎನ್ನುತ್ತಿದ್ದೆವು. ಅವ್ವನನ್ನು ಈಗಲೂ ಏಕವಚನದಲ್ಲೇ ಕರೆಯುತ್ತೇನೆ, ಈ ಬರಹದಲ್ಲೂ ಅದು ಹಾಗೆಯೇ ಬರುತ್ತದೆ. ಅಪ್ಪ ಮಾತ್ರ ಬಹುವಚನದಲ್ಲೇ ಉಳಿದರು.

ಅವರು 1974ರಲ್ಲಿ, ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ನಪಾಸಾದ ವರ್ಷ, ಮದ್ರಾಸ್ ರೆಜಿಮೆಂಟಿಗೆ ಸೇರಿದರು. ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿ ರಂಗರೂಟ ತರಬೇತಿ, ಆಮೇಲೆ ಇಪ್ಪತ್ತನಾಲ್ಕು ವರ್ಷ ಎಲ್ಲೆಲ್ಲೋ. ನಮಗೆ ಅವರ ಊರಿನ ಹೆಸರು ಎಂದೂ ಗೊತ್ತಿರುತ್ತಿರಲಿಲ್ಲ. ಕಾಗದದ ಮೇಲೆ ಬರೆಯುತ್ತಿದ್ದ ವಿಳಾಸ ಬರೀ ನಂಬರು, ಹೆಸರು, ಘಟಕ, ಕೊನೆಗೆ ಸೈನ್ಯದ ಅಂಚೆ ಕಚೇರಿಯ ಗುರುತಾದ ‘56 ಎ.ಪಿ.ಓ.’ ನಾನು ನಾಲ್ಕನೆಯ ತರಗತಿಯವರೆಗೆ ಅದನ್ನೊಂದು ಊರು ಎಂದೇ ತಿಳಿದು, ಭೂಪಟದಲ್ಲಿ ಹುಡುಕಿದ್ದೇನೆ. ರಜೆಯಲ್ಲಿ ಬರುವಾಗ ಎರಡು ಮೂರು ರೈಲು ಬದಲಿಸಿ ಅರಸೀಕೆರೆಯಲ್ಲಿ ಇಳಿಯುತ್ತಿದ್ದರು, ಅಲ್ಲಿಂದ ಬಸ್ಸು.

ಸಿಪಾಯಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ, ಒಟ್ಟು 90 ದಿನ. ಕಾಗದದ ಮೇಲೆ ಇದು ದೊಡ್ಡ ಸೌಲಭ್ಯವೇ, ನಮ್ಮಂಥ ಮೇಷ್ಟರಿಗೂ ಇಷ್ಟು ಒಟ್ಟಿಗೆ ಸಿಗುವುದಿಲ್ಲ. ಆದರೆ ಒಂದು ದಿನ ನಾನು ಕೂತು ಗುಣಿಸಿ ನೋಡಿದೆ. 24 ವರ್ಷಕ್ಕೆ ಒಂದು ದಿನವೂ ಬಿಡದೆ ಅಷ್ಟೂ ರಜೆ ಸಿಕ್ಕಿದ್ದರೂ ಆರು ವರ್ಷ. ಅದರಲ್ಲಿ ರೈಲಿನ ದಿನಗಳು, ರದ್ದಾದ ರಜೆಗಳು, ತುರ್ತು ಕರೆ ಬಂದು ಅರ್ಧಕ್ಕೇ ಹೊರಟವು ಕಳೆದರೆ ನಾಲ್ಕೂವರೆ ಆಗಬಹುದು. ಶಾಂತಿ ಪ್ರದೇಶದಲ್ಲಿ ಕ್ವಾರ್ಟರ್ಸ್ ಸಿಕ್ಕಾಗ ಅವ್ವ ನಮ್ಮಿಬ್ಬರನ್ನು ಕರೆದುಕೊಂಡು ಸಿಕಂದರಾಬಾದಿಗೆ ಹೋಗಿ ಒಂದೂವರೆ ವರ್ಷ ಇದ್ದದ್ದು ಉಂಟು. ಅಜ್ಜಿಗೆ ಕಾಲು ಮುರಿಯಿತು, ಗದ್ದೆ ಪಾಳು ಬೀಳುವಂತಾಯಿತು, ವಾಪಸು ಬಂದೆವು. ಮತ್ತೆ ಅವ್ವ ಊರು ಬಿಟ್ಟು ಹೋಗಲಿಲ್ಲ.

ಹಿರಿಯರ ಸಾವಿಗೆ ತಂತಿ ತಲುಪಿ ಮಗ ತಿಥಿಯ ಹೊತ್ತಿಗೆ ಬಂದ ಕಥೆಗಳು ಪ್ರತಿ ಸೈನಿಕನ ಮನೆಯಲ್ಲೂ ಇವೆ, ನಮ್ಮಲ್ಲೂ ಒಂದಿದೆ, ಅದನ್ನು ಮತ್ತೆ ಹೇಳುವುದಿಲ್ಲ. ನನ್ನ ಮನಸ್ಸಿನಲ್ಲಿ ನಿಂತಿರುವುದು ಅಗಲಿಕೆಯ ದೃಶ್ಯವಲ್ಲ, ಹಿಂದಿರುಗಿದ ಮೇಲಿನದು. 1998ರ ಜೂನ್ ತಿಂಗಳು. ಅಪ್ಪ ಹವಾಲ್ದಾರರಾಗಿ ನಿವೃತ್ತಿ ಪಡೆದು ಬಂದು ಮೂರು ವಾರವಾಗಿತ್ತು, ವಯಸ್ಸು ನಲವತ್ಮೂರು. ಗೊಬ್ಬರಕ್ಕೆ ಸಾಲ ಬೇಕಾಗಿತ್ತು. ಇಸ್ತ್ರಿ ಮಾಡಿದ ಪ್ಯಾಂಟು ಹಾಕಿ, ಮೀಸೆ ಕತ್ತರಿಸಿಕೊಂಡು, ನನ್ನನ್ನೂ ಕರೆದುಕೊಂಡು ಸೊಸೈಟಿಗೆ ಹೋದರು. ಅಲ್ಲಿನ ಕಾರ್ಯದರ್ಶಿ ಒಳ್ಳೆಯ ಮನುಷ್ಯ, ಎದ್ದು ನಿಂತು ಕೈಮುಗಿದು, ಕುರ್ಚಿ ಕೊಟ್ಟು, ಕಾಫಿ ತರಿಸಿದ. ಕಾರ್ಗಿಲ್ ಇನ್ನೂ ಆಗಿರಲಿಲ್ಲವಾದರೂ ಮಾಜಿ ಸೈನಿಕರೆಂದರೆ ಅಷ್ಟು ಮರ್ಯಾದೆ ಇತ್ತು. ಸಾಲದ ಮಾತು ಬಂದಾಗ ಅವನು ಖಾತೆ ಪುಸ್ತಕ ತೆರೆದು, ಹಳೆಯ ಬಾಕಿ, ಕಂತು, ಪಹಣಿ ಎಂದು ನಾಲ್ಕು ಪ್ರಶ್ನೆ ಕೇಳಿದ. ಅಪ್ಪನಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಆತ ಪುಸ್ತಕ ಮುಚ್ಚಿ, ತುಂಬಾ ನಯವಾಗಿ, “ಇದೆಲ್ಲ ಅಕ್ಕಂಗೆ ಗೊತ್ತು ಅಣ್ಣ, ನಾಳೆ ಅವರನ್ನೇ ಕಳಿಸಿ” ಎಂದ. ಅಪ್ಪ ಕಾಫಿಯ ಲೋಟ ಕೆಳಗಿಟ್ಟು ನೆಟ್ಟಗೆ ಎದ್ದು ನಿಂತರು, ಯಾರೋ ಮೇಲಧಿಕಾರಿಯ ಮುಂದೆ ನಿಂತ ಹಾಗೆ. ಬರುವಾಗ ದಾರಿಯುದ್ದಕ್ಕೂ ಮಾತಿಲ್ಲ. ಗದ್ದೆಯ ಹತ್ತಿರ ಬಂದಾಗ ನಿಂತು, “ನಮ್ಮ ಬದು ಈಗ ಯಾವುದಪ್ಪ?” ಎಂದು ನನ್ನನ್ನು ಕೇಳಿದರು. ಮೂರು ವರ್ಷದ ಹಿಂದೆ ಅವ್ವ ಪಕ್ಕದ ಗದ್ದೆಯವರೊಡನೆ ಮಾತಾಡಿ ಹಳೆಯ ಬದುವನ್ನು ನೇರ ಮಾಡಿಸಿದ್ದಳು. ನಾನು ಕೈ ತೋರಿಸಿದೆ.

ನಮ್ಮ ಮನೆ ಅವರಿಲ್ಲದೆ ನಡೆಯುವುದನ್ನು ಕಲಿತುಬಿಟ್ಟಿತ್ತು. ಇದನ್ನು ಬರೀ ನಷ್ಟ ಎಂದು ಬರೆದರೆ ಅವ್ವನಿಗೆ ಅನ್ಯಾಯವಾಗುತ್ತದೆ. ನಾಲ್ಕನೆಯ ತರಗತಿ ಓದಿದ ಹೆಂಗಸು ಸೊಸೈಟಿ, ಕಾಫಿಯ ಕ್ಯೂರಿಂಗ್ ವರ್ಕ್ಸು, ಶಾಲೆ, ಪೊಲೀಸ್ ಠಾಣೆ ಎಲ್ಲವನ್ನೂ ಒಬ್ಬಳೇ ನಿಭಾಯಿಸಿದಳು. ಊರಿನ ಬೇರೆ ಹೆಂಗಸರಿಗೆ ಇಲ್ಲದ ದನಿ ಅವಳಿಗಿತ್ತು, ಆ ದನಿಯನ್ನು ಕೊಟ್ಟದ್ದು ಅಪ್ಪನ ಗೈರುಹಾಜರಿಯೇ. ಅಪ್ಪ ಬಂದ ಮೇಲೂ ಬೀರುವಿನ ಬೀಗದ ಕೈ ಅವಳ ಸೊಂಟದಲ್ಲೇ ಉಳಿಯಿತು. ಮೊದಲ ಎರಡು ವರ್ಷ ಅದಕ್ಕಾಗಿ ಜಗಳಗಳಾದವು, ಆಮೇಲೆ ಅಪ್ಪ ಪಿಂಚಣಿಯನ್ನೂ ಅವಳ ಕೈಗೇ ಕೊಟ್ಟು ಸುಮ್ಮನಾದರು.

ಬಂದದ್ದರ ಲೆಕ್ಕ

ಇಷ್ಟು ಬರೆದ ಮೇಲೆ ಬಂದದ್ದನ್ನೂ ಬರೆಯಬೇಕು, ಏಕೆಂದರೆ ನಾನು ಓದಿದ್ದೇ ಆ ದುಡ್ಡಿನಲ್ಲಿ. ನಮ್ಮೂರಿನಲ್ಲಿ ತಿಂಗಳ ಮೊದಲ ವಾರ ತಪ್ಪದೆ ದುಡ್ಡು ಕಾಣುತ್ತಿದ್ದ ಮನೆಗಳು ಎರಡೇ, ಒಂದು ಶಾಲೆಯ ಮೇಷ್ಟರದು, ಇನ್ನೊಂದು ನಮ್ಮದು. ಕಾಫಿಯ ಬೆಲೆ ನೆಲ ಕಚ್ಚಿದ 2001ರ ಆಸುಪಾಸಿನಲ್ಲಿ ನಮ್ಮ ಸುತ್ತಲಿನ ಸಣ್ಣ ಬೆಳೆಗಾರರು ತೋಟದ ಸಿಲ್ವರ್ ಮರ ಕಡಿಸಿ ಮಾರಿದರು. ನಾವು ಮರ ಮಾರದೆ ಉಳಿದದ್ದು ಪಿಂಚಣಿಯಿಂದ. ಮೊದಲ ತಿಂಗಳು ಬಂದದ್ದು ಎರಡು ಸಾವಿರದ ಆಸುಪಾಸು, ಆದರೆ ಬಂದೇ ಬರುತ್ತದೆ ಎಂಬ ಧೈರ್ಯಕ್ಕೆ ಬೆಲೆ ಕಟ್ಟಲಾಗದು. ಒಂದೇ ಹುದ್ದೆ, ಅಷ್ಟೇ ಸೇವೆ, ಆದರೂ ಮೊದಲು ನಿವೃತ್ತರಾದವರಿಗೆ ಕಡಿಮೆ, ತಡವಾಗಿ ನಿವೃತ್ತರಾದವರಿಗೆ ಹೆಚ್ಚು ಎಂಬ ಅಸಮತೆಯ ವಿರುದ್ಧ 2015ರಲ್ಲಿ ದಿಲ್ಲಿಯ ಜಂತರ್ ಮಂತರಿನಲ್ಲಿ ಮಾಜಿ ಸೈನಿಕರು ತಿಂಗಳುಗಟ್ಟಲೆ ಕುಳಿತದ್ದು ನೆನಪಿರಬಹುದು. ಆ ನವೆಂಬರಿನಲ್ಲಿ ಆದೇಶ ಹೊರಟು, 2014ರ ಜುಲೈ 1ರಿಂದ ಅನ್ವಯವಾಗುವಂತೆ ‘ಒಂದು ಶ್ರೇಣಿ, ಒಂದು ಪಿಂಚಣಿ’ ಜಾರಿಯಾದಾಗ ಅಪ್ಪನಿಗೂ ಬಾಕಿ ಬಂತು. ಅದರಲ್ಲಿ ಮನೆಯ ಹೆಂಚು ತೆಗೆಸಿ ಹೊಸದು ಹಾಕಿಸಿದೆವು.

2003ರಲ್ಲಿ ಶುರುವಾದ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡು ಇನ್ನೊಂದು. ಅವ್ವನ ಹೃದಯಕ್ಕೆ ಸ್ಟೆಂಟ್ ಹಾಕಿಸಿದಾಗ ನಾವು ಖರ್ಚು ಮಾಡಿದ್ದು ಬಸ್ಸು ಮತ್ತು ಊಟಕ್ಕೆ ಮಾತ್ರ. ಮಿಲ್ಟ್ರಿ ಕ್ಯಾಂಟೀನಿನ ರಮ್ಮಿನ ವಿಷಯ ಹೇಳದಿದ್ದರೆ ನಮ್ಮೂರವರು ಒಪ್ಪುವುದಿಲ್ಲ: ಲೈನ್‌ಮನ್ ತಂತಿ ಸರಿ ಮಾಡಲು ಬೇಗ ಬರುತ್ತಿದ್ದದ್ದು, ಸರ್ವೇಯರು ಚೈನು ಹಿಡಿದು ಬಂದದ್ದು, ಮದುವೆಗೆ ಚಪ್ಪರದವರು ದುಡ್ಡು ಕಡಿಮೆ ಮಾಡಿದ್ದು ಎಲ್ಲದರ ಹಿಂದೆ ಒಂದೊಂದು ಬಾಟಲಿಯಿತ್ತು. ಕುಡಿಯದ ಅಪ್ಪನಿಗೆ ಅದೊಂದು ಸಮಾನಾಂತರ ನಾಣ್ಯ.

ಆದರೆ ನಾನು ದೊಡ್ಡದೆಂದು ಎಣಿಸುವುದು ಬೇರೆಯದನ್ನು. ಗಣಿತದಲ್ಲಿ ನಪಾಸಾಗಿ ಹೋದ ಹುಡುಗ ತಮಿಳು, ಹಿಂದಿ ಮಾತಾಡುತ್ತಾ, ಇಂಗ್ಲಿಷಿನಲ್ಲಿ ಅರ್ಜಿ ಬರೆಯುತ್ತಾ, ಭೂಪಟ ಓದುತ್ತಾ ಹಿಂದಿರುಗಿದ. ಸೈನ್ಯದ ಬಗ್ಗೆ ಶೌರ್ಯದ ಮಾತನ್ನೇ ಹೆಚ್ಚು ಆಡುತ್ತೇವೆ, ಅದು ಈ ದೇಶದ ಬಹುದೊಡ್ಡ ವಯಸ್ಕರ ಶಾಲೆ ಎಂಬುದನ್ನು ಮರೆಯುತ್ತೇವೆ. ಆ ಶಾಲೆ ಕಲಿಸಿದ್ದಕ್ಕೆ ಹೊರಗೆ ಸಿಕ್ಕ ಕೆಲಸ ಯಾವುದು ಎಂದು ಕೇಳಿದರೆ ಮಾತ್ರ ಉತ್ತರ ಸಣ್ಣದು. ಇಪ್ಪತ್ತು ಮೂವತ್ತು ಜನರನ್ನು ನಡೆಸಿದ ಹವಾಲ್ದಾರರು 2000ದಿಂದ ಹದಿನೈದು ವರ್ಷ ಚಿಕ್ಕಮಗಳೂರಿನ ಒಂದು ಬ್ಯಾಂಕಿನ ಬಾಗಿಲಲ್ಲಿ ಜೋಡು ನಳಿಗೆಯ ಕೋವಿ ಹಿಡಿದು ನಿಂತರು. ಆ ಕೋವಿಯಿಂದ ಒಂದು ಗುಂಡೂ ಹಾರಲಿಲ್ಲ. ಚಲನ್ ತುಂಬಲು ಬಾರದ ತೋಟದ ಕೂಲಿಯವರಿಗೆ ಅವರು ಬರೆದುಕೊಟ್ಟ ಚಲನ್‌ಗಳ ಲೆಕ್ಕವಿಲ್ಲ. ಬೇಲೂರಿನಿಂದ ಸುಮಾರು 25 ಕಿಲೋಮೀಟರ್, ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದರು. ದಿನಾ ಸಂಜೆ ಊರಿನ ಮನೆಗೆ ಬರುವ ಅಪ್ಪನನ್ನು ನಾನು ಮೊದಲು ಕಂಡದ್ದು ಡಿಗ್ರಿ ಓದುವಾಗ.

ಕಷ್ಟಕ್ಕೊಂದು ದರ

ಅಪಾಯದ ಮಾತನ್ನು ಮನೆಯಲ್ಲಿ ಯಾರೂ ನೇರವಾಗಿ ಆಡುತ್ತಿರಲಿಲ್ಲ. ಅಪ್ಪ 1988ರಲ್ಲಿ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾದಲ್ಲಿದ್ದರು. 1987ರಲ್ಲಿ ಹೋಗಿ 1990ರಲ್ಲಿ ಹಿಂದಿರುಗಿದ ಆ ಪಡೆ ಸಾವಿರಕ್ಕೂ ಹೆಚ್ಚು ಸೈನಿಕರನ್ನು ಅಲ್ಲಿ ಕಳೆದುಕೊಂಡಿತು. ಅದರ ಬಗ್ಗೆ ಅಪ್ಪ ಹೇಳಿದ್ದನ್ನೆಲ್ಲ ಕೂಡಿಸಿದರೆ ಒಂದು ಪುಟವಾಗದು. ಅರಸೀಕೆರೆಯ ದಾರಿಯಲ್ಲಿ ತೆಂಗಿನ ತೋಟಗಳ ನಡುವೆ ಬಸ್ಸು ಹೋಗುವಾಗ ಅವರು ಕಿಟಕಿಯಾಚೆ ನೋಡುವುದಿಲ್ಲ ಎಂಬುದನ್ನು ಅವ್ವ ಕಂಡುಹಿಡಿದಿದ್ದಳು. ಯಾಕೆ ಎಂದು ಕೇಳಬಾರದೆಂದು ನಮಗೂ ಹೇಳಿದ್ದಳು.

2016ರ ಫೆಬ್ರುವರಿಯಲ್ಲಿ ಸಿಯಾಚಿನ್ನಿನ ಸೋನಮ್ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಮಂದಿ ಹೂತುಹೋದಾಗ ಕರ್ನಾಟಕವೆಲ್ಲ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರಿಗಾಗಿ ಪ್ರಾರ್ಥಿಸಿತು. ಆರು ದಿನ ಹಿಮದಡಿಯಲ್ಲಿದ್ದು ಉಸಿರಾಡುತ್ತಾ ಸಿಕ್ಕ ಅವರು ಫೆಬ್ರುವರಿ 11ರಂದು ದಿಲ್ಲಿಯಲ್ಲಿ ತೀರಿಕೊಂಡರು. ಆ ಹತ್ತು ಮಂದಿಯಲ್ಲಿ ನಮ್ಮ ಹಾಸನದ ಮಗ್ಗುಲಿನ ತೇಜೂರಿನ ಸುಬೇದಾರ್ ನಾಗೇಶ ಕೂಡ ಒಬ್ಬರು. ಅದು ಮದ್ರಾಸ್ ರೆಜಿಮೆಂಟಿನ ಹತ್ತೊಂಬತ್ತನೆಯ ಬೆಟಾಲಿಯನ್ನಿನ ಠಾಣೆ, ಅಂದರೆ ಹೆಚ್ಚಿನವರು ಅಪ್ಪನ ರೆಜಿಮೆಂಟಿನವರೇ. ಆ ವಾರವೆಲ್ಲ ಅಪ್ಪ ಟೀವಿಯ ಮುಂದಿನಿಂದ ಏಳಲಿಲ್ಲ. ಆ ಎತ್ತರದ ಬಗ್ಗೆ ನಿರೂಪಕರು ಕೂಗುತ್ತಿದ್ದಾಗ ಅವರು ಡೇರೆಯೊಳಗಿನ ಬುಖಾರಿ ಒಲೆಯ ಬಗ್ಗೆ, ಅದರ ಹೊಗೆಗೆ ಮೂಗಿನೊಳಗೆ ಕಟ್ಟುವ ಕಪ್ಪಿನ ಬಗ್ಗೆ ಹೇಳಿದರು. 1984ರ ಏಪ್ರಿಲಿನಲ್ಲಿ ನಮ್ಮ ಸೈನ್ಯ ಆ ಹಿಮನದಿಯ ಮೇಲೆ ನೆಲೆ ನಿಂತಂದಿನಿಂದ ಅಲ್ಲಿ ಗುಂಡಿಗಿಂತ ಹೆಚ್ಚು ಜನರನ್ನು ಕೊಂದದ್ದು ಚಳಿ, ಎತ್ತರ ಮತ್ತು ಕುಸಿಯುವ ಹಿಮ. ಸಿನಿಮಾ ನೋಡಿ ಸೈನ್ಯಕ್ಕೆ ಹೋಗಬೇಕೆನ್ನುವ ನನ್ನ ವಿದ್ಯಾರ್ಥಿಗಳ ಕಲ್ಪನೆಯಲ್ಲಿ ಈ ಸಾವು ಇರುವುದೇ ಇಲ್ಲ.

ಸರ್ಕಾರ ಈ ಕಷ್ಟಕ್ಕೆ ಬೆಲೆ ಕಟ್ಟಿಲ್ಲ ಎನ್ನುವಂತಿಲ್ಲ. ಏಳನೆಯ ವೇತನ ಆಯೋಗದ ನಂತರ ಸೈನಿಕ ಜೀವನದ ಕಷ್ಟಕ್ಕೆಂದೇ ಕೊಡುವ ಮಿಲಿಟರಿ ಸೇವಾ ವೇತನ ಸಿಪಾಯಿಗೆ ತಿಂಗಳಿಗೆ 5,200 ರೂಪಾಯಿ, ಅಧಿಕಾರಿಗೆ 15,500. ಸಿಯಾಚಿನ್ ಭತ್ಯೆ 2017ರಲ್ಲಿ ನಿಗದಿಯಾದಾಗ ಸಿಪಾಯಿಗೆ 30,000, ಅಧಿಕಾರಿಗೆ 42,500 ಇತ್ತು. ಒಂದೇ ಹಿಮದಲ್ಲಿ ಚಳಿಗೂ ದರ್ಜೆಗಳಿರುವುದನ್ನು ಆಡಳಿತದ ಭಾಷೆಯಲ್ಲಿ ಸಮರ್ಥಿಸುವ ಕಾರಣಗಳಿರಬಹುದು, ನನಗೆ ಮಾತ್ರ ಅದು ಇಂದಿಗೂ ಗಂಟಲಲ್ಲಿ ಇಳಿಯುವುದಿಲ್ಲ.

ನೆತ್ತರುಗೊಡಗೆ

ನಮ್ಮ ಜಿಲ್ಲೆಗಳಲ್ಲಿ ಕೆರೆಯ ಏರಿಯ ಮೇಲೆ, ಊರ ಬಾಗಿಲಲ್ಲಿ, ತೋಟದ ಬೇಲಿಯ ಪಕ್ಕದಲ್ಲಿ ವೀರಗಲ್ಲುಗಳು ನಿಂತಿವೆ. ತುರುಗಳನ್ನು ಬಿಡಿಸಲು ಹೋಗಿ ಸತ್ತವನು ಕೆಳಗಿನ ಪಟ್ಟಿಕೆಯಲ್ಲಿ ಹೋರಾಡುತ್ತಾನೆ, ನಡುವಿನದರಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ, ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕುಳಿತಿರುತ್ತಾನೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯ ಕಂಬವೊಂದರಲ್ಲಿ ವೀರಬಲ್ಲಾಳನಿಗಾಗಿ ಪ್ರಾಣ ಕೊಟ್ಟ ಕುವರ ಲಕ್ಷ್ಮನ ಕಥೆಯಿದೆ. ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುವ ವೀರರನ್ನು ಅಲ್ಲಿ ಕೆತ್ತಿದ್ದಾರೆ. ಪ್ರವಾಸಕ್ಕೆ ಕರೆದೊಯ್ದ ಮಕ್ಕಳಿಗೆ ಇದನ್ನೆಲ್ಲ ತೋರಿಸುವಾಗ ನಾನು ಎರಡು ಹಳೆಯ ಮಾತುಗಳನ್ನೂ ಹೇಳುತ್ತೇನೆ. ಉಂಡ ಅನ್ನದ ಋಣಕ್ಕಾಗಿ ಹೋರಾಡುವುದು ಜೋಳವಾಳಿ. ಆ ಋಣ ತೀರಿಸಿ ಸತ್ತವನ ಮನೆಯವರಿಗೆ ಅರಸ ಕೊಡುತ್ತಿದ್ದ ಭೂಮಿ ನೆತ್ತರುಗೊಡಗೆ. ಮೊದಲನೆಯದನ್ನು ಸೈನಿಕನಿಂದ ಕೇಳಿದ ರಾಜ್ಯ ಎರಡನೆಯದನ್ನು ಕಲ್ಲಿನಲ್ಲಿ ಬರೆದುಕೊಡುತ್ತಿತ್ತು.

ನಮ್ಮ ರಾಜ್ಯದ ಭೂಮಿ ಮಂಜೂರಾತಿ ನಿಯಮಗಳು ಕೂಡ ಹಂಚುವ ಸರ್ಕಾರಿ ಭೂಮಿಯಲ್ಲಿ ಸೈನಿಕರಿಗೂ ಮಾಜಿ ಸೈನಿಕರಿಗೂ ಪಾಲು ಇಟ್ಟಿವೆ. ಅಪ್ಪ ಅದರ ಪ್ರಕಾರ 1999ರಲ್ಲಿ ಎರಡು ಎಕರೆಗೆ ಅರ್ಜಿ ಕೊಟ್ಟರು. ತೋರಿಸಿದ ಸರ್ವೇ ನಂಬರಿನಲ್ಲಿ ಮರಗಳಿದ್ದವು, ಮರಗಳಿದ್ದುದರಿಂದ ಅದು ಅರಣ್ಯವೋ ಕಂದಾಯವೋ ಎಂಬ ಪ್ರಶ್ನೆ ಎದ್ದಿತು, ಒಂದು ಇಲಾಖೆಯಿಂದ ಇನ್ನೊಂದಕ್ಕೆ ಹೋದ ಕಡತ ಮೂರು ಬಾರಿ ಕಳೆದು ಎರಡು ಬಾರಿ ಸಿಕ್ಕಿತು. ಮಲೆನಾಡಿನಲ್ಲಿ ಭೂಮಿಯ ಕಡತ ಇಟ್ಟುಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಪ್ಪ ವರ್ಷಕ್ಕೊಮ್ಮೆ ಡಿಸ್ಚಾರ್ಜ್ ಪುಸ್ತಕದ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಹೋಗಿ ಕೇಳಿಬರುತ್ತಾರೆ. ಅವರಿಗೀಗ ಎಪ್ಪತ್ತು. ಅಲ್ಲಿನ ಹೊಸ ಗುಮಾಸ್ತ ಕಳೆದ ಸಲ “ಯುದ್ಧದಲ್ಲಿ ಏನಾದ್ರೂ ಆಗಿದ್ಯಾ ತಾತ?” ಎಂದು ಕೇಳಿದನಂತೆ. ಏನೂ ಆಗದೆ ಬದುಕಿ ಬಂದದ್ದೇ ತಪ್ಪಾಯಿತೇನೋ ಎಂಬಂತೆ ಅಪ್ಪ ಅದನ್ನು ನಗುತ್ತಲೇ ಹೇಳಿದರು. ನವೆಂಬರ್ ಬಂದರೆ ಬದುಕಿರುವುದನ್ನೂ ಸಾಬೀತು ಮಾಡಬೇಕು. ಜೀವನ ಪ್ರಮಾಣಪತ್ರಕ್ಕೆ ಬೆರಳೊತ್ತಿದರೆ ಗುದ್ದಲಿ ಹಿಡಿದು ಸವೆದ ಅವರ ಹೆಬ್ಬೆಟ್ಟನ್ನು ಯಂತ್ರ ಗುರುತಿಸುವುದಿಲ್ಲ, ಅಕ್ಕನ ಮಗನೇ ಮೊಬೈಲಿನಲ್ಲಿ ಅವರ ಮುಖ ತೋರಿಸಿ ಮುಗಿಸುತ್ತಾನೆ.

ನಾಲ್ಕು ವರ್ಷ

ಈಗ ಆ ಹುಡುಗನ ಪ್ರಶ್ನೆಗೆ ಬರಬೇಕು. ಅವನು ಸೇರಬೇಕೆಂದಿರುವುದು ಅವನ ತಾತ ಸೇರಿದ ಸೈನ್ಯವಾದರೂ ಅವರಿಬ್ಬರ ಕರಾರು ಒಂದೇ ಅಲ್ಲ. 2022ರ ಜೂನ್ 14ರಂದು ಘೋಷಣೆಯಾದ ಅಗ್ನಿಪಥದಲ್ಲಿ ಸೇವೆ ನಾಲ್ಕು ವರ್ಷ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಕೊನೆಯ ವರ್ಷ 40,000. ಅದರಲ್ಲಿ ಶೇ. 30 ಹಿಡಿದಿಟ್ಟು, ಅಷ್ಟೇ ಮೊತ್ತವನ್ನು ಸರ್ಕಾರ ಸೇರಿಸಿ, ಹೊರಬರುವಾಗ ಬಡ್ಡಿಯೂ ಕೂಡಿ ಸುಮಾರು 11.71 ಲಕ್ಷದ ಸೇವಾ ನಿಧಿ ಎಂದು ಘೋಷಿಸಿದರು. 48 ಲಕ್ಷದ ವಿಮೆ ಇದೆ. ಪಿಂಚಣಿಯಿಲ್ಲ, ಗ್ರಾಚ್ಯುಟಿಯಿಲ್ಲ, ತುಟ್ಟಿಭತ್ಯೆಯಿಲ್ಲ, ಮೇಲೆ ಹೇಳಿದ ಆ 5,200 ಕೂಡ ಇಲ್ಲ. ನಾಲ್ವರಲ್ಲಿ ಹೆಚ್ಚೆಂದರೆ ಒಬ್ಬನನ್ನು ಉಳಿಸಿಕೊಳ್ಳುತ್ತಾರೆ. 2023ರ ಜನವರಿಯಲ್ಲಿ ತರಬೇತಿ ಆರಂಭಿಸಿದ ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆಗೆ ಮುಗಿಯುತ್ತದೆ, ಉಳಿದ ಮೂವರು ಏನಾಗುತ್ತಾರೆ ಎಂಬುದು ಆಮೇಲೆ ನಮ್ಮ ಊರುಗಳಲ್ಲೇ ಕಾಣುತ್ತದೆ. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮೀಸಲಾತಿಯೆಂದೂ ಘೋಷಿಸಿದ್ದಾರೆ.

ಅಕ್ಕನ ಗಂಡ ಈ ಯೋಜನೆಯ ದೊಡ್ಡ ಅಭಿಮಾನಿ. “ಇಪ್ಪತ್ಮೂರಕ್ಕೆ ಕೈಲಿ ಹನ್ನೊಂದು ಲಕ್ಷ ಇರುತ್ತೆ, ನಿನ್ನ ಕಾಲೇಜಲ್ಲಿ ಓದಿದ ಯಾರ ಹತ್ರ ಇದೆ ಹೇಳು” ಎನ್ನುತ್ತಾನೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಮಾತಿನ ಭರದಲ್ಲಿ ಅವನು ಗೊರೂರಿನ ಕ್ಯಾಪ್ಟನ್ ಗೋಪಿನಾಥರನ್ನೂ ಎಳೆದು ತರುತ್ತಾನೆ. ಬಿಜಾಪುರದ ಸೈನಿಕ ಶಾಲೆಯಲ್ಲಿ ಓದಿ, 1971ರ ಯುದ್ಧ ಕಂಡು, ಎಂಟು ವರ್ಷಕ್ಕೇ ಸೈನ್ಯ ಬಿಟ್ಟು ಬಂದು, 2003ರಲ್ಲಿ ಏರ್ ಡೆಕ್ಕನ್ ಕಂಪನಿ ಕಟ್ಟಿ ವಿಮಾನವನ್ನೇ ಹಾರಿಸಿದರಲ್ಲ ಎನ್ನುತ್ತಾನೆ. ನಿಜ. ಆದರೆ ಅವರು ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ತರಬೇತಿ ಮುಗಿಸಿದ ಅಧಿಕಾರಿ, ಹೇಮಾವತಿ ಅಣೆಕಟ್ಟಿನಲ್ಲಿ ಮುಳುಗಿದ ಮನೆತನದ ಜಮೀನಿಗೆ ಬದಲಾಗಿ ಜಾವಗಲ್ ಕಡೆ ಸಿಕ್ಕ ಭೂಮಿ ಅವರಿಗಿತ್ತು, ಅಲ್ಲಿ ಡೇರೆ ಹಾಕಿಕೊಂಡು ಬೇಸಾಯ ಮಾಡಿದ ಗಟ್ಟಿಗರು ಅವರು. ಕಾಲಿಡಲು ನೆಲವಿದ್ದವನು ಬೇಗ ಹೊರಬಂದರೆ ಅದು ಸ್ವಾತಂತ್ರ್ಯ. ಬಿ.ಕಾಂ. ಅರ್ಧಕ್ಕೆ ಬಿಟ್ಟು ಹೋದ ಹುಡುಗನನ್ನು ಇಪ್ಪತ್ಮೂರಕ್ಕೆ ಹೊರಗೆ ಕಳಿಸಿದರೆ ಅದಕ್ಕೆ ಅದೇ ಹೆಸರು ಹೊಂದುವುದಿಲ್ಲ.

ಅಪ್ಪನ ತಲೆಮಾರಿನವರು ಬದುಕಿನ ಮೊದಲರ್ಧವನ್ನು ಕೊಟ್ಟು ಎರಡನೆಯ ಅರ್ಧಕ್ಕೆ ಭದ್ರತೆ ಪಡೆದರು. ಹೆಂಡತಿ ಮಕ್ಕಳ ಜೊತೆ ಕಳೆಯದ ವರ್ಷಗಳಿಗೆ ತಿಂಗಳು ತಿಂಗಳು ಬರುವ ಪಿಂಚಣಿ ಒಂದು ರೀತಿಯ ಮರುಪಾವತಿಯಾಗಿತ್ತು, ಆ ಪಿಂಚಣಿಯಿದ್ದುದರಿಂದಲೇ ನಮ್ಮ ಊರುಗಳು ಹೆಣ್ಣು ಕೊಟ್ಟವು, ಸೊಸೈಟಿ ಸಾಲ ಕೊಟ್ಟಿತು, ಅವ್ವನಂಥವರು ಕಾದರು. ಹೊಸ ಕರಾರಿನಲ್ಲಿ ಜೋಳವಾಳಿ ಹಾಗೆಯೇ ಇದೆ, ಅದೇ ಹಿಮ, ಅದೇ ಗುಂಡು. ಕೊಡಗೆಯನ್ನು ಮಾತ್ರ ಒಂದೇ ಕಂತಿನಲ್ಲಿ ಕೊಟ್ಟು ಬಾಗಿಲು ಹಾಕುತ್ತಾರೆ. ಇದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಸೈನ್ಯದ ಸರಾಸರಿ ವಯಸ್ಸು ಇಳಿಸಬೇಕು, ಪಿಂಚಣಿಯ ಹೊರೆ ತಗ್ಗಬೇಕು ಎಂಬ ವಾದಗಳನ್ನು ಓದಿದ್ದೇನೆ, ಅವು ಪೊಳ್ಳಲ್ಲ ಎಂದೂ ಗೊತ್ತಿದೆ.

ಹಾಗಾದರೆ “ಬೇಡ” ಎಂದು ಹೇಳಿಬಿಡಬಹುದಿತ್ತು. ಹೇಳಲು ಬಿಡದಿರುವುದು ನನ್ನ ಬಾಯಿಯ ಆ ಬಹುವಚನವೇ. ನಾಲ್ಕು ವರ್ಷದಲ್ಲಿ ಹಿಂದಿರುಗಿದ ಹುಡುಗನಿಗೆ ಇನ್ನೂ ಮದುವೆಯಾಗಿರುವುದಿಲ್ಲ, ಅವನನ್ನು ನೀವು ಎನ್ನುವ ಮಕ್ಕಳಿರುವುದಿಲ್ಲ, ಗದ್ದೆಯ ಬದು ಅವನಿಗೆ ಮರೆತಿರುವುದಿಲ್ಲ. ಪಿಂಚಣಿ ತೆಗೆದ ಯೋಜನೆಯೇ ಗೈರುಹಾಜರಿಯನ್ನೂ ತೆಗೆದಿದೆ. ನನಗೆ ಅಪ್ಪ ಬೇಕಾಗಿದ್ದರೋ ಪಿಂಚಣಿ ಬೇಕಾಗಿತ್ತೋ ಎಂದು ಯಾರಾದರೂ ಎಂಟನೆಯ ವಯಸ್ಸಿನಲ್ಲಿ ಕೇಳಿದ್ದರೆ ನನ್ನ ಉತ್ತರ ಒಂದು, ಅವ್ವನಿಗೆ ಸ್ಟೆಂಟ್ ಹಾಕಿಸಿದ ದಿನ ಕೇಳಿದ್ದರೆ ಇನ್ನೊಂದು.

ಹುಡುಗ ನನ್ನ ಉತ್ತರಕ್ಕೆ ಕಾಯದೆ ಅರ್ಜಿ ಹಾಕಿದ. 2025ರ ಆರಂಭದಲ್ಲಿ ಕಾಫಿಯ ಬೆಲೆ ಎಂದೂ ಕಾಣದಷ್ಟು ಏರಿದಾಗ ಅವನ ಅಪ್ಪನೇ ತೋಟ ನೋಡಿಕೊಂಡಿರು ಎಂದು ಒಮ್ಮೆ ಅಂದಿದ್ದ, ಆಗಲೂ ಇವನು ಒಪ್ಪಲಿಲ್ಲ. ಯಾಕೆ ಎಂದು ಕೇಳಿದರೆ ದೇಶ, ಸಂಬಳ ಎಂದೇನೂ ಹೇಳದೆ, “ಇಲ್ಲಿಂದ ಒಂದ್ಸಲ ಹೊರಗೆ ಹೋಗ್ಬೇಕು ಮಾವ” ಎನ್ನುತ್ತಾನೆ. ಇಷ್ಟು ಪುಟದ ನನ್ನ ಲೆಕ್ಕದಲ್ಲಿ ಆ ಕಾರಣಕ್ಕೊಂದು ಕಲಮೇ ಇಲ್ಲ.

ಅಪ್ಪ ಹೋಗು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ವಿಷಯ ತಿಳಿದ ಮರುದಿನ ಊರ ಮುಂದಿನ ಮೋರಿಯಿಂದ ಶಾಲೆಯ ಗೇಟಿನವರೆಗೆ ಹೆಜ್ಜೆ ಎಣಿಸುತ್ತಾ ನಡೆದರು. ಕವಾಯತಿನ ಹೆಜ್ಜೆ ಮೂವತ್ತು ಇಂಚು, ಎಪ್ಪತ್ತರ ಕಾಲುಗಳಲ್ಲೂ ಅದು ಹಾಗೆಯೇ ಇದೆಯಂತೆ. 1050 ಹೆಜ್ಜೆ, ಹೋಗಿ ಬಂದರೆ 2100, ಅಂದರೆ 1600 ಮೀಟರ್. ಹುಡುಗ ಮೊಬೈಲಿನಲ್ಲಿ ಅಳೆದಾಗ ಹತ್ತು ಹನ್ನೆರಡು ಮೀಟರು ಹೆಚ್ಚು ಬಂತು, ತಾತ ಮೊಬೈಲನ್ನು ನಂಬಲಿಲ್ಲ. ಐದೂವರೆ ನಿಮಿಷದೊಳಗೆ ಮುಗಿಸಿದರೆ ಓಟಕ್ಕೆ ಪೂರ್ತಿ 60 ಅಂಕ. ಬೆಳಿಗ್ಗೆ ಐದಕ್ಕೆ ಎದ್ದು ಮೊದಲು ಮೊಬೈಲಿನ ಗುಂಪಿನಲ್ಲಿ ಅರಣ್ಯ ಇಲಾಖೆಯವರ ಸಂದೇಶ ನೋಡುತ್ತಾರೆ. ಆನೆಗಳು ಹತ್ತಿರದ ಎಸ್ಟೇಟಿನಲ್ಲಿದ್ದರೆ ಆ ದಿನ ಓಟವಿಲ್ಲ.

ಕಳೆದ ಭಾನುವಾರ ನಾನೂ ಹೋಗಿ ಮೋರಿಯ ಕಟ್ಟೆಯ ಮೇಲೆ ಕುಳಿತಿದ್ದೆ. ಮಂಜು ಎಷ್ಟಿತ್ತೆಂದರೆ ಹುಡುಗ ಹೊರಟ ಇಪ್ಪತ್ತು ಮಾರಿಗೆ ಮಾಯವಾದ, ಆಮೇಲೆ ಬರೀ ಹೆಜ್ಜೆಯ ಸದ್ದು, ಆಮೇಲೆ ಅದೂ ಇಲ್ಲ. ಅಪ್ಪ ಸ್ವೆಟರಿನ ತೋಳು ಮೇಲೇರಿಸಿ ಎಚ್‌ಎಂಟಿ ಗಡಿಯಾರವನ್ನು ಕಣ್ಣಿನ ಹತ್ತಿರ ಹಿಡಿದಿದ್ದರು. ಮತ್ತೆ ಸದ್ದು ಕೇಳಿಸಿ, ಅವನು ಮಂಜಿನೊಳಗಿಂದ ಬಂದು ಮೋರಿಯನ್ನು ದಾಟಿ ಮೊಣಕಾಲ ಮೇಲೆ ಕೈಯಿಟ್ಟು ಬಗ್ಗಿ ನಿಂತ. “ಐದು ನಲವತ್ತೆರಡು” ಎಂದರು ಅಪ್ಪ. ಇನ್ನೂ ಹನ್ನೆರಡು ಸೆಕೆಂಡು. ಹುಡುಗ ಏದುಸಿರಿನಲ್ಲೇ ತಲೆಯಾಡಿಸಿದ. ಅಪ್ಪ ನನ್ನ ಕಡೆ ತಿರುಗಿ, “ನಾಳೆ ಇರ್ತೀಯಾ?” ಎಂದು ಕೇಳಿದರು. “ಇದ್ರೆ ಶಾಲೆ ಗೇಟಿನ ಹತ್ರ ನಿಂತ್ಕೊ. ಮುಟ್ಟಿ ಬರ್ತಾನೋ ಮಧ್ಯದಲ್ಲೇ ತಿರುಗ್ತಾನೋ ಇಲ್ಲಿಂದ ನಂಗೆ ಕಾಣಲ್ಲ.”

ಸೋಮವಾರ ನನಗೆ ಎಂಟೂವರೆಗೆ ತರಗತಿಯಿತ್ತು. ಮೊದಲ ಬಸ್ಸಿಗೆ ಹೊರಟರೂ ತಲುಪಬಹುದು ಎಂದು ಲೆಕ್ಕ ಹಾಕಿ, ನಿಂತ್ಕೋತೀನಿ ಎಂದೆ.